ಮೂರು ಮತ್ತು ನಾಲ್ಕನೇ ಸ್ವಿಚ್ಚು

ದೆಹಲಿಯ ಕಿದ್ವಾಯಿ ನಗರದ ಕನ್ನಡ ಕೂಟದಲ್ಲಿ ಅಧ್ಯಕ್ಷರು ಬಂದು ಹೋಗಿದ್ದಾರೆ, ಖಜಾಂಚಿಗಳಿಗೆ ವರ್ಗವಾಗಿದೆ, ಹಳೆಯ ಕ್ವಾರ್ಟರ್ಸುಗಳನ್ನು ಕೆಡವಿ ಲಿಫ್ಟಿರುವ ಗೋಪುರಗಳನ್ನು ಎಬ್ಬಿಸಿದ್ದೂ ಆಗಿದೆ. ಇಷ್ಟೆಲ್ಲದರ ನಡುವೆ ಅಲುಗಾಡದೆ ಉಳಿದದ್ದು ಎರಡೇ. ಒಂದು, ಕೂಟದ ಕೋಣೆಯ ಮೂಲೆಯಲ್ಲಿ ನಿಂತಿರುವ ವಿಡಿಯೊ ಗೇಮ್ ಮಶೀನು. ಇನ್ನೊಂದು, ಆ ಮಶೀನಿನಲ್ಲಿ ಅನಂತರಾಮ ಮಾಮನಿಗಿದ್ದ ಚಾಂಪಿಯನ್ ಪಟ್ಟ.

ಮಶೀನು ಆಳೆತ್ತರದ್ದು. ಕೆಂಪು ಗುಂಡಿನ ಒಂದು ಕೋಲು, ಎರಡು ಬಟನ್ನು, ಹಳೇ ಟಿ.ವಿ.ಯಂಥ ಉಬ್ಬುಹೊಟ್ಟೆಯ ಪರದೆ. ಪುಟ್ಟ ವಿಮಾನವೊಂದು ಮೇಲಿಂದ ಸುರಿಯುವ ಗುಂಡುಗಳಿಂದ ತಪ್ಪಿಸಿಕೊಳ್ಳುತ್ತ ಶತ್ರುಗಳನ್ನು ಹೊಡೆಯಬೇಕು, ಅಷ್ಟೇ ಆಟ. ಸರೋಜಿನಿ ನಗರದಲ್ಲಿ ಯಾವುದೋ ವಿಡಿಯೊ ಪಾರ್ಲರ್ ಬಾಗಿಲು ಮುಚ್ಚಿದಾಗ ಅದರ ಮಾಲೀಕ ಇದನ್ನು ಕೂಟಕ್ಕೆ ಬಿಟ್ಟುಕೊಟ್ಟು ಕೈತೊಳೆದುಕೊಂಡಿದ್ದ. ಕೂಟದ ದಾಸ್ತಾನು ಪುಸ್ತಕದಲ್ಲಿ ಅದರ ಹೆಸರು ‘ವಿದ್ಯುತ್ ಮನರಂಜನಾ ಪೆಟ್ಟಿಗೆ, ಒಂದು’.

ಈ ಪೆಟ್ಟಿಗೆಗೊಂದು ದೊಡ್ಡ ಮರೆವು. ಪ್ಲಗ್ ಕಿತ್ತರೆ ಯಾರು ಎಷ್ಟು ಹೊಡೆದರೆಂಬುದೆಲ್ಲ ಅಳಿಸಿಹೋಗುತ್ತದೆ. ಆದರೆ ಕೂಟದ ಮುಕ್ಕಾಲು ಪಾಲು ಸದಸ್ಯರು ಕೇಂದ್ರ ಸರ್ಕಾರದ ಗುಮಾಸ್ತರು. ಮಶೀನು ಮರೆತರೆ ಮರೆಯಲಿ ಎಂದು ಅವರು ಒಂದು ಸ್ಕೋರ್ ರಿಜಿಸ್ಟರ್ ತೆರೆದರು. ತಾರೀಖು, ಹೆಸರು, ಸ್ಕೋರು, ಸಾಕ್ಷಿಯ ಸಹಿ, ಕೊನೆಯಲ್ಲಿ ಷರಾ. ಇಪ್ಪತ್ತಾರು ವರ್ಷದಲ್ಲಿ ಆ ಷರಾ ಕಾಲಮ್ಮಿನಲ್ಲಿ ಒಂದು ಚುಕ್ಕೆಯೂ ಬಿದ್ದಿರಲಿಲ್ಲ.

ಕಳೆದ ಹದಿನಾಲ್ಕು ವರ್ಷದಿಂದ ಆ ರಿಜಿಸ್ಟರನ್ನು ಬರೆಯುತ್ತಿದ್ದವಳು ಧಾರಿಣಿ. ಕೂಟದ ಕಾರ್ಯದರ್ಶಿ ದಕ್ಷಿಣಾಮೂರ್ತಿಯವರ ಒಬ್ಬಳೇ ಮಗಳು. ಹತ್ತನೇ ವಯಸ್ಸಿನಲ್ಲಿ ಅವಳನ್ನು ಮಶೀನಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ್ದಕ್ಕೆ ಎರಡು ಕಾರಣ. ಅಕ್ಷರ ದುಂಡಗಿತ್ತು, ಬಾಯಿ ಬಿಡುತ್ತಿರಲಿಲ್ಲ. ಈಗ ಅವಳು ಎಲೆಕ್ಟ್ರಾನಿಕ್ಸ್ ಪದವೀಧರೆ. ಓಖ್ಲಾದಲ್ಲಿ ಗಾರ್ಮೆಂಟ್ ಕಂಪನಿಗಳ ಕಸೂತಿ ಮಶೀನುಗಳ ಬೋರ್ಡು ರಿಪೇರಿ ಮಾಡುವ ಕೆಲಸ. ಅಲ್ಲೂ ಬೋರ್ಡುಗಳ ಜೊತೆ ಮಾತಾಡಿದಷ್ಟು ಮನುಷ್ಯರ ಜೊತೆ ಆಡುತ್ತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಡೈರಿಗೆ ಹೇಳಿ ಮಲಗುವವಳು. ಹದಿನಾಲ್ಕು ವರ್ಷ ಬೇರೆಯವರ ಆಟ ಬರೆದಳೇ ಹೊರತು ನಾಲ್ಕು ಜನ ನೋಡುತ್ತಾರೆಂದು ತಾನು ಒಮ್ಮೆಯೂ ಕೋಲು ಹಿಡಿದಿರಲಿಲ್ಲ.

ಅನಂತರಾಮ ಮಾಮ ಯಾವುದೋ ಸಚಿವಾಲಯದಿಂದ ನಿವೃತ್ತರಾಗಿ ಹೆಂಡತಿ ಪದ್ಮತ್ತೆಯ ಜೊತೆ ನೋಯ್ಡಾದ ಫ್ಲ್ಯಾಟಿಗೆ ಹೋದರು. ಆದರೂ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ, ಮೆಟ್ರೋ ಹಿಡಿದು, ಕಾಫಿಯ ಫ್ಲಾಸ್ಕಿನ ಸಮೇತ ಮಶೀನಿನ ಮುಂದೆ ಹಾಜರು. ಅವರ ಆಟಕ್ಕೊಂದು ವಿಧಿ ಇತ್ತು. ಹಿತ್ತಾಳೆ ಟೋಕನ್ ಹಾಕಬೇಕು. ಮಶೀನಿನ ಬಲಪಕ್ಕೆಗೆ ಎರಡು ಸಲ ಸೊಂಟ ಕೊಡಬೇಕು. ಕೋಲನ್ನು ಎಡಕ್ಕೆ ಎಳೆಯುವಾಗ ಬರೀ ಕೈ ಸಾಲದು, ಭುಜ ಸಮೇತ, ಬಾವಿಯಿಂದ ಕೊಡ ಸೇದುವವರ ಹಾಗೆ ಸೇದಬೇಕು. ಇದಕ್ಕೆ ‘ಅನಂತರಾಮ ಪಟ್ಟು’ ಅಂತಲೇ ಹೆಸರು. ಕೂಟದ ಮಕ್ಕಳೆಲ್ಲ ಕಾಗುಣಿತ ಕಲಿಯದಿದ್ದರೂ ಆ ಪಟ್ಟು ಕಲಿತಿದ್ದರು. ಯಾರು ಎಷ್ಟೇ ಕಲಿತರೂ ರಾಜ್ಯೋತ್ಸವದ ಸ್ಪರ್ಧೆಯಲ್ಲಿ ಶೀಲ್ಡು ಮಾತ್ರ ಮಾಮನಿಗೇ.

ಅಕ್ಟೋಬರ್ ಕೊನೆಯ ಭಾನುವಾರ ಆಟದ ನಡುವೆ ಪರದೆ ಕಪ್ಪಾಯಿತು. ಮಾಮ ಎರಡು ಸಲ ಸೊಂಟ ಕೊಟ್ಟರು. ಏಳು ಸಲ ಕೊಟ್ಟರು. ಕೊನೆಗೆ ದಕ್ಷಿಣಾಮೂರ್ತಿಯವರು, “ಸಾಕು ಬಿಡಿ ಸಾರ್, ನಿಮ್ಮ ಸೊಂಟಕ್ಕೆ ಸ್ಪೇರ್ ಪಾರ್ಟ್ ಸಿಗಲ್ಲ,” ಎಂದು ತಡೆದು, ನಿಯಮದಂತೆ ರಿಪೇರಿಗೆ ಮೂರು ಕೊಟೇಶನ್ ಕರೆದರು. ಎರಡು ಅಂಗಡಿಯವರು ‘ಗುಜರಿಗೆ ಹಾಕಿ’ ಎಂದು ಬರೆದುಕೊಟ್ಟರು. ಮೂರನೆಯದನ್ನು ಧಾರಿಣಿ ಬರೆದು, ಊಟದ ಮೇಜಿನ ಮೇಲೆ, ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು.

ಶನಿವಾರ ಮಧ್ಯಾಹ್ನ ಕೋಣೆಯಲ್ಲಿ ಒಬ್ಬಳೇ ಕೂತು ಮಶೀನಿನ ಬೆನ್ನಿನ ಬೀಗ ತೆಗೆದಳು. ಒಳಗೆ ಇಪ್ಪತ್ತಾರು ವರ್ಷದ ಧೂಳು, ಮೂರು ಟೋಕನ್, ಯಾರದೋ ಹೇರ್‌ಪಿನ್ನು. ಬೋರ್ಡಿಗೆ ವೈರು ಕೂರಿಸುವ ಉದ್ದನೆಯ ಕನೆಕ್ಟರು ಸಡಿಲವಾಗಿ, ಅದರ ಸಂದಿಗೆ ಯಾರೋ ಲಗ್ನಪತ್ರಿಕೆಯ ತುಂಡು ಮಡಚಿ ತುರುಕಿದ್ದರು. ಎರಡು ಸಲ ಸೊಂಟ ಕೊಡುತ್ತಿದ್ದದ್ದು ಇದಕ್ಕೇ! ಕೋಲಿನ ಬುಡದಲ್ಲಿ ಎಡಗಡೆಯ ಪುಟ್ಟ ಸ್ವಿಚ್ಚು ಸವೆದು, ಮೈಮೇಲೆ ಬಿದ್ದು ಒತ್ತಿದರೆ ಮಾತ್ರ ‘ಟಿಕ್’ ಅನ್ನುತ್ತಿತ್ತು. ಭುಜ ಸಮೇತ ಸೇದುತ್ತಿದ್ದದ್ದು ಇದಕ್ಕೆ. ಮೂರು ತಲೆಮಾರು ಕಲಿತ ಅನಂತರಾಮ ಪಟ್ಟು ಅಂದರೆ ಒಂದು ಸಡಿಲ ಕನೆಕ್ಟರು, ಒಂದು ಸವೆದ ಸ್ವಿಚ್ಚು. ಧಾರಿಣಿ ಧೂಳಿನಲ್ಲೇ ಕೂತು ಒಬ್ಬಳೇ ನಕ್ಕಳು.

ಕನೆಕ್ಟರನ್ನು ಉಜ್ಜಿ ಬಿಗಿ ಮಾಡಿದಳು. ಲಾಜಪತ್ ರಾಯ್ ಮಾರ್ಕೆಟ್ಟಿನಿಂದ ತಂದ ಹೊಸ ಸ್ವಿಚ್ಚು ಕೂರಿಸಿದಳು. ಅಲ್ಲಿಗೆ ಎದ್ದು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬೋರ್ಡಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಎಂಟು ಸ್ವಿಚ್ಚುಗಳ ಒಂದು ಸಾಲು ಕಾಣಿಸಿತು. ಮಶೀನು ಇಟ್ಟುಕೊಂಡವರು ಆಟ ಎಷ್ಟು ಕಷ್ಟವಿರಬೇಕೆಂದು ತೀರ್ಮಾನಿಸುವುದು ಅದರಲ್ಲಿ. ಪಕ್ಕದಲ್ಲೇ ಪ್ಲಾಸ್ಟಿಕ್ ಹೊದಿಕೆಯಲ್ಲಿ ಒಂದು ಹಳದಿ ಹಾಳೆ. ಮೂರು ಮತ್ತು ನಾಲ್ಕನೇ ಸ್ವಿಚ್ಚು ಎರಡೂ ಮೇಲಿದ್ದರೆ ‘ಅತಿ ಕಠಿಣ’. ಎರಡೂ ಕೆಳಗಿದ್ದರೆ ‘ಸಾಧಾರಣ’. ‘ಸಾಧಾರಣ’ದ ಮುಂದೆ ನಕ್ಷತ್ರ ಹಾಕಿ, ಕಾರ್ಖಾನೆಯಿಂದ ಬರುವಾಗ ಹೀಗೆ ಎಂದು ಮುದ್ರಿಸಿತ್ತು. ಮಶೀನಿನಲ್ಲಿ ಎರಡೂ ಮೇಲಿದ್ದವು.

ಕಾಗದದಲ್ಲಿ ಒಂದು, ಮಶೀನಿನಲ್ಲಿ ಇನ್ನೊಂದು ಇದ್ದರೆ ಮಶೀನೇ ತಪ್ಪು. ಗುಮಾಸ್ತರ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಅನುಮಾನ ಬರುವುದಿಲ್ಲ. ಧಾರಿಣಿ ಟೂತ್‌ಪಿಕ್ಕಿನಿಂದ ಎರಡನ್ನೂ ಕೆಳಗಿಳಿಸಿದಳು. ಅಪ್ಪ ಕೊಟ್ಟಿದ್ದ ‘ರಿಪೇರಿ ಪೂರ್ಣಗೊಂಡ ಪ್ರಮಾಣಪತ್ರ’ದಲ್ಲಿ ಬದಲಾಯಿಸಿದ ಬಿಡಿಭಾಗಗಳಿಗೆ ಕಾಲಂ ಇತ್ತು, ಸ್ವಚ್ಛ ಮಾಡಿದ ಭಾಗಗಳಿಗೆ ಇತ್ತು, ಮೇಲಿದ್ದದ್ದನ್ನು ಕೆಳಗಿಳಿಸಿದ್ದಕ್ಕೆ ಇರಲಿಲ್ಲ. ಹಾಗಾಗಿ ಬರೆಯಲಿಲ್ಲ.

ಮರುದಿನ ಮೊದಲು ಆಡಿದವಳು ಆರನೇ ಅಂತಸ್ತಿನ ಅದಿತಿ, ಒಂಬತ್ತು ವರ್ಷ, ಅರ್ಧ ಹಿಂದಿ ಅರ್ಧ ಕನ್ನಡ. ಕೋಲು ಮುಟ್ಟಿದವಳೇ ಕಿರುಚಿದಳು: “ದೀದೀ, ಯೇ ತೋ ಮಕ್ಖನ್ ಹೋ ಗಯಾ! ಬೆಣ್ಣೆ ಥರ ಎಷ್ಟು ಸಾಫ್ಟ್ ಇದೆ!” ಜೀವಮಾನದಲ್ಲಿ ಮೂರು ಸಾವಿರ ದಾಟದವಳು ಹನ್ನೊಂದು ಸಾವಿರ ಹೊಡೆದಳು.

ಆಮೇಲೆ ಮಾಮ ಬಂದರು. ಟೋಕನ್ ಹಾಕಿ ಎರಡು ಸಲ ಸೊಂಟ ಕೊಟ್ಟರು. ಎಡಕ್ಕೆ ಸೇದಿದರು. ಮಕ್ಖನ್ ಆದ ಕೋಲು ಆ ರಭಸಕ್ಕೆ ವಿಮಾನವನ್ನು ಪರದೆಯ ಎಡ ಅಂಚಿಗೆ ಎಸೆದು ಅಲ್ಲೇ ಅಂಟಿಸಿತು. ಗುಂಡುಗಳು ಈಗ ನಿಧಾನವಾಗಿ ಬರುತ್ತಿದ್ದವು. ಮಾಮ ಅಭ್ಯಾಸಬಲದಿಂದ ಇನ್ನೂ ಬಾರದ ಗುಂಡಿನಿಂದ ತಪ್ಪಿಸಿಕೊಂಡು, ಬರುತ್ತಿದ್ದ ಗುಂಡಿಗೆ ಎದೆಯೊಡ್ಡಿದರು. ಹದಿನೆಂಟು ಸೆಕೆಂಡು. ಮತ್ತೆ ಆಡಿದರು, ಹದಿನಾಲ್ಕು. ಮೂರನೇ ಸಲ ಅದಿತಿ ಮೆಲ್ಲಗೆ, “ತಾತಾ, ಆರಾಮ್ ಸೇ,” ಅಂದಳು. ಒಂಬತ್ತು.

ಮಾಮ ತಮ್ಮ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡರು. ಫ್ಲಾಸ್ಕನ್ನು ತೆರೆಯದೇ ಹೊರಟುಹೋದರು. ಧಾರಿಣಿ ರಿಜಿಸ್ಟರಿನಲ್ಲಿ ಮೂರು ಸ್ಕೋರನ್ನೂ ಬರೆದಳು. ‘ಇದು ನನ್ನಿಂದ’ ಎಂಬುದನ್ನು ಆ ರಾತ್ರಿ ಡೈರಿಗೆ ಮಾತ್ರ ಹೇಳಿದಳು.

ಬುಧವಾರ ಪದ್ಮತ್ತೆಯ ಫೋನು ಬಂತು. ಧಾರಿಣಿಯ ಅಮ್ಮ ದೇವಕಿ ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿಕೊಂಡೇ ಮಾತಾಡುವವರು.

“ದೇವಕೀ, ಇವರಿಗೆ ಕೈ ಹೋಯ್ತಂತೆ ಕಣೇ.”

“ಅಯ್ಯೋ, ಎಲ್ಲಿಗೆ?”

“ಎಲ್ಲಿಗೂ ಇಲ್ಲ, ಇಲ್ಲೇ ಇದೆ. ನರದ ಡಾಕ್ಟ್ರು ಸುತ್ತಿಗೇಲಿ ಹೊಡೆದು ನೋಡಿ, ನಿಮಗಿಂತ ನನ್ನ ಕೈನೇ ಜಾಸ್ತಿ ನಡುಗತ್ತೆ ಅಂದ್ರು. ಇವರು ನಂಬಲ್ಲ. ದಿನಾ ಬೆಳಿಗ್ಗೆ ತಟ್ಟೇಲಿ ಸಾಸಿವೆ ಸುರ್ಕೊಂಡು ಒಂದೊಂದಾಗಿ ಡಬ್ಬಕ್ಕೆ ಹಾಕ್ತಾರೆ. ನಿನ್ನೆ ಒಗ್ಗರಣೆಗೆ ಸಾಸಿವೆ ಕೇಳಿದ್ರೆ, ‘ತಾಳು, ಇನ್ನೂ ನಾನೂರು ಇದೆ’ ಅಂದ್ರು!”

ಅಮ್ಮ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು. ಪದ್ಮತ್ತೆಯ ದನಿ ಮಾತ್ರ ಇಳಿಯಿತು.

“ನಗ್ಬೇಡ ಕಣೇ. ರಾಜ್ಯೋತ್ಸವದ ದಿನ ಶೀಲ್ಡ್ ವಾಪಸ್ ಕೊಟ್ಟು ಬಂದ್ಬಿಡ್ತೀನಿ, ಇನ್ನು ಆ ಕಡೆ ತಲೆ ಹಾಕಲ್ಲ ಅಂತಿದಾರೆ. ಭಾನುವಾರ ಇವರು ಮನೇಲೇ ಇದ್ರೆ ನಾನೇನು ಮಾಡ್ಲಿ? ಇರೋದು ಅದೊಂದು ದಿನ ನಂಗೆ ರಜ.”

ಬಾಗಿಲ ಹಿಂದೆ ನಿಂತಿದ್ದ ಧಾರಿಣಿಗೆ ನಗು ಬರಲಿಲ್ಲ. ಎಪ್ಪತ್ತೊಂದು ವರ್ಷದ ಮನುಷ್ಯ ತನ್ನ ಕೈ ಸತ್ತಿತೆಂದು ನಂಬಿ ಸಾಸಿವೆ ಎಣಿಸುತ್ತಿದ್ದಾರೆ; ಕೊಂದದ್ದು ತನ್ನ ಟೂತ್‌ಪಿಕ್ಕು. ಅವರು ಶೀಲ್ಡು ಕೊಟ್ಟು ಹೊರಟುಹೋಗುವ ಮೊದಲು ಒಬ್ಬರು ಬಾಯಿಬಿಡಬೇಕು. ವಿಷಯ ಗೊತ್ತಿರುವುದು ಒಬ್ಬಳಿಗೇ, ಬಾಯಿಬಿಡಲು ಬಾರದವಳಿಗೆ.

ಅವಳು ಎಲ್ಲವನ್ನೂ ಒಂದೂವರೆ ಪುಟಕ್ಕೆ ಬರೆದು, ಅಪ್ಪನ ಟಿಫಿನ್ ಚೀಲದಲ್ಲಿ ಮೊಸರನ್ನದ ಡಬ್ಬಿಯ ಮೇಲಿಟ್ಟಳು. ಸಂಜೆ ಕಾಗದ ವಾಪಸ್ ಬಂತು. ಅಂಚಿನಲ್ಲಿ, ಮೂವತ್ತು ವರ್ಷದ ಕಚೇರಿಯ ಅಭ್ಯಾಸದಂತೆ, ಹಸಿರು ಶಾಯಿಯಲ್ಲಿ ಅಪ್ಪನ ಟಿಪ್ಪಣಿ: ‘ಓದಿದೆ. ವಿಷಯ ಗಂಭೀರ. ಸಂಬಂಧಪಟ್ಟವರು ಸಂಬಂಧಪಟ್ಟವರಿಗೆ ಖುದ್ದಾಗಿ ತಿಳಿಸತಕ್ಕದ್ದು.’ ಕೆಳಗೆ ಸಹಿ, ತಾರೀಖು.

“ಅಪ್ಪಾ, ನೀವೇ ಹೇಳಿಬಿಡಿ,” ಎಂದಳು ಧಾರಿಣಿ. ಅಷ್ಟು ಹೇಳುವುದಕ್ಕೇ ಚಪಾತಿ ಆರಿಹೋಗಿತ್ತು.

“ನಾನು ಹೇಗೆ ಹೇಳ್ಲಮ್ಮ? ಸರ್ಟಿಫಿಕೇಟಿಗೆ ಸಹಿ ಹಾಕಿರೋದು ನೀನು. ನಾನು ಬರೀ ಫಾರ್ವರ್ಡ್ ಮಾಡಿದೋನು.”

ನವೆಂಬರ್ ಮೂರನೇ ಭಾನುವಾರ ಕೂಟದ ರಾಜ್ಯೋತ್ಸವ. ಕೂಟದ ಕೋಣೆಯಲ್ಲಿ ನಲವತ್ತು ಜನ, ಹೊರಗೆ ಬಿಸಿಬೇಳೆಬಾತಿನ ಹಂಡೆ. ಮಾಮ ಇಸ್ತ್ರಿ ಮಾಡಿದ ಜುಬ್ಬಾದಲ್ಲಿ ಬಂದರು. ಹಿಂದೆ ಪದ್ಮತ್ತೆ, ಕೈಯಲ್ಲಿ ಬಟ್ಟೆ ಸುತ್ತಿದ ಶೀಲ್ಡು. ಮಾಮ ಮಶೀನಿನ ಕಡೆ ತಿರುಗಿಯೂ ನೋಡದೆ ಮೈಕಿನ ಮುಂದೆ ನಿಂತರು.

“ಇಪ್ಪತ್ತಾರು ವರ್ಷ ಈ ಕೈ ನಾನು ಹೇಳಿದ್ದು ಕೇಳ್ತು. ಈಗ ಕೇಳ್ತಿಲ್ಲ. ಕೈ ಕೇಳದಿದ್ದಾಗ ಮನುಷ್ಯ ಜಾಗ ಬಿಡಬೇಕು. ಆದ್ದರಿಂದ...”

ಧಾರಿಣಿ ಸ್ಟೂಲಿನಿಂದ ಎದ್ದಳು. ಬಾಯಿ ತೆರೆದಳು. ದನಿ ಹೊರಡಲಿಲ್ಲ. ಹೊರಟದ್ದು ರಿಜಿಸ್ಟರು. ಕೈಯಿಂದ ಜಾರಿ, ಊಟಕ್ಕೆ ಪೇರಿಸಿಟ್ಟಿದ್ದ ಸ್ಟೀಲ್ ತಟ್ಟೆಗಳ ರಾಶಿಯ ಮೇಲೆ ಬಿದ್ದು, ಸಂಜೆಯ ಮಂಗಳಾರತಿಯಷ್ಟು ಸದ್ದು ಮಾಡಿತು. ನಲವತ್ತು ತಲೆಗಳು ತಿರುಗಿದವು. ಇನ್ನು ಕೂರುವುದಕ್ಕೂ ನಾಚಿಕೆ.

“ಮಾಮ, ನಿಮ್ಮ ಕೈಗೆ ಏನೂ ಆಗಿಲ್ಲ,” ಎಂದಳು. “ಆಗಿರೋದು ಮಶೀನಿಗೆ. ಅದು ಸರಿಯಾಗಿಬಿಟ್ಟಿದೆ.”

“ಸರಿಯಾಗಿದೆ ಅಂದ್ರೆ?”

ಹೇಳಿದಳು. ಮೊದಲು ತಡವರಿಸುತ್ತ, ಆಮೇಲೆ ನಿಲ್ಲಿಸಲಾಗದೆ. ಸಡಿಲ ಕನೆಕ್ಟರು, ಸವೆದ ಸ್ವಿಚ್ಚು, ಲಗ್ನಪತ್ರಿಕೆಯ ತುಂಡು, ಮೂರು ಮತ್ತು ನಾಲ್ಕು. “ನಿಮ್ಮ ಕೈ ಕೆಟ್ಟ ಮಶೀನಿಗೆ ಒಗ್ಗಿತ್ತು ಮಾಮ. ನಾನು ಯಾರನ್ನೂ ಕೇಳದೆ ಅದನ್ನ ಒಳ್ಳೇದು ಮಾಡಿದೆ. ತಪ್ಪಾಯ್ತು.”

ಮಾಮ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಕನೆಕ್ಟರು, ಕೋಲಿನ ಸ್ವಿಚ್ಚು ನಂಗೆ ಗೊತ್ತಿರಲಿಲ್ಲ ಪುಟ್ಟೀ,” ಎಂದರು ಕೊನೆಗೆ. “ಆದರೆ ಆ ಮೂರು, ನಾಲ್ಕನ್ನ ಮೇಲೆ ಮಾಡಿದ್ದು ನಾನೇ.”

“ನೀವಾ?” ದಕ್ಷಿಣಾಮೂರ್ತಿಯವರ ದನಿ ಒಡೆಯಿತು.

“ಆಗ ನಾನು ಕಾರ್ಯದರ್ಶಿ, ಬೀಗದ ಕೈ ನನ್ನ ಹತ್ರ. ಒಬ್ಬೊಬ್ಬ ಹುಡುಗ ನಿಂತ ಅಂದ್ರೆ ಒಂದು ಗಂಟೆ ಸಾಯ್ತಿರಲಿಲ್ಲ. ಹಿಂದೆ ಕ್ಯೂ, ಜಗಳ, ಅಪ್ಪಂದಿರ ಕಂಪ್ಲೇಂಟು. ಹಾಳೆ ನೋಡಿ ಅತಿ ಕಠಿಣಕ್ಕೆ ಹಾಕಿದೆ. ಎರಡು ನಿಮಿಷಕ್ಕೊಬ್ಬ ಸಾಯೋಕೆ ಶುರುಮಾಡಿದ. ಕ್ಯೂ ಸರಸರ ಓಡ್ತು. ಯಾರಿಗೂ ಹೇಳಲಿಲ್ಲ.”

“ತಾತಾ, ಯೇ ತೋ ಚೀಟಿಂಗ್ ಹೈ!” ಅದಿತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಚೀಟಿಂಗ್ ಯಾಕಮ್ಮ? ನಾನೂ ಆಡಿದ್ದು ಅದನ್ನೇ ಅಲ್ವಾ? ಆರು ತಿಂಗಳು ನಾನೂ ಎಲ್ಲರ ಹಾಗೇ ಸತ್ತೆ.”

ಪದ್ಮತ್ತೆ ಶೀಲ್ಡನ್ನು ಮೇಜಿನ ಮೇಲೆ ಕುಕ್ಕಿದರು. “ಸರಿಹೋಯ್ತು. ಕ್ಯೂ ಓಡಿಸೋಕೆ ಇವರು ಹಾಕಿದ ಸ್ವಿಚ್ಚು. ಅದಕ್ಕೆ ಇಪ್ಪತ್ತಾರು ವರ್ಷ ಈ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೋಳು ನಾನು.”

ಕೋಣೆ ನಕ್ಕಿತು, ಮಾಮನೂ ನಕ್ಕರು. ನಗು ಇಳಿದ ಮೇಲೆ ಪ್ರಶ್ನೆ ಎದ್ದಿತು: ಈಗ ಸ್ಪರ್ಧೆ ಯಾವ ಮಶೀನಿನ ಮೇಲೆ? ಧಾರಿಣಿ ಕೋಲಿನ ಹಳೆಯ ಸ್ವಿಚ್ಚನ್ನು ಎಸೆದಿರಲಿಲ್ಲ, ಪೆನ್ಸಿಲ್ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟುಕೊಂಡಿದ್ದಳು. ಬೇಕೆಂದರೆ ಹತ್ತು ನಿಮಿಷದಲ್ಲಿ ಕೆಡಿಸಿಕೊಡುತ್ತೇನೆ ಎಂದಳು. ದಕ್ಷಿಣಾಮೂರ್ತಿಯವರು ತಲೆ ಹಿಡಿದುಕೊಂಡರು.

“ಕೆಟ್ಟಿದ್ದನ್ನ ರಿಪೇರಿ ಮಾಡಿಸೋಕೆ ಮೂರು ಕೊಟೇಶನ್ ತಗೊಂಡೆ. ಸರಿಯಾಗಿರೋದನ್ನ ಕೆಡಿಸೋಕೆ ಎಷ್ಟು ತಗೋಬೇಕು? ಯಾವ ರೂಲಲ್ಲಿದೆ?”

“ಕೆಡಿಸೋದು ಬೇಡ,” ಎಂದರು ಮಾಮ. “ಕೋಲು ಮಕ್ಖನ್ನೇ ಇರಲಿ. ಮೂರು, ನಾಲ್ಕನ್ನ ಮಾತ್ರ ಮೊದಲಿನ ಹಾಗೆ ಮೇಲೆ ಮಾಡು ಪುಟ್ಟೀ. ಕಷ್ಟ ಎಲ್ಲರಿಗೂ ಒಂದೇ. ಅದರಲ್ಲಿ ಸೋತರೆ ಸೋತೆ.”

ಧಾರಿಣಿ ಪ್ಲಗ್ ಕಿತ್ತು, ಮಶೀನಿನ ಬೆನ್ನು ತೆರೆದಳು. ಆ ಶನಿವಾರ ಒಬ್ಬಳೇ ಇದ್ದಾಗ ಈ ಕೆಲಸ ಹೂವು ಎತ್ತಿದ ಹಾಗಿತ್ತು. ಈಗ ಬೆನ್ನ ಹಿಂದೆ ನಲವತ್ತು ಜನ, ಕುತ್ತಿಗೆಯ ಮೇಲೆ ಅದಿತಿಯ ಉಸಿರು. ಒಂದು, ಎರಡು, ಮೂರು, ನಾಲ್ಕು ಎಣಿಸಿದಳು. ಟಿಕ್, ಟಿಕ್. ಬಾಗಿಲು ಹಾಕಿ ಪ್ಲಗ್ ಚುಚ್ಚಿದಳು.

ಮಶೀನು ಯುದ್ಧಕ್ಕೆ ಕರೆಯುವಂತೆ ಕಹಳೆ ಊದಿತು. ಯಾರೂ ಟೋಕನ್ ಹಾಕಿರಲಿಲ್ಲ. ಆದರೂ ಊದುತ್ತಲೇ ಇತ್ತು. ಪರದೆ ಬೆಳಗಿತು. ವಿಮಾನ ಮೇಲೆ ನೇತಾಡುತ್ತಿತ್ತು, ಶತ್ರುಗಳು ನೆಲದಿಂದ ಮೊಳೆಯುತ್ತಿದ್ದರು, ಅಂಕಿಗಳೆಲ್ಲ ಶೀರ್ಷಾಸನ ಹಾಕಿದ್ದವು.

ಧಾರಿಣಿಗೆ ತಕ್ಷಣ ಹೊಳೆಯಿತು. ಗಾಬರಿಯಲ್ಲಿ ಸಾಲಿನ ಆ ತುದಿಯಿಂದ ಎಣಿಸಿದ್ದಳು. ಮೇಲಾದದ್ದು ಐದು ಮತ್ತು ಆರು. ಹಳದಿ ಹಾಳೆಯ ಪ್ರಕಾರ ಐದು, ಯಾರೂ ಆಡದಿದ್ದಾಗಲೂ ಸದ್ದು. ಆರು, ಪರದೆ ತಲೆಕೆಳಗು.

“ಇದೂ ಕಷ್ಟದ ಒಂದು ಮಟ್ಟವಾ?” ದಕ್ಷಿಣಾಮೂರ್ತಿಯವರು ಕಹಳೆಯ ಮೇಲೆ ಕಿರುಚಿ ಕೇಳಿದರು.

“ಇಲ್ಲಪ್ಪ, ತಪ್ಪು ಎಣಿಸಿದೆ. ಒಂದು ನಿಮಿಷ, ಈಗಲೇ ಸರಿ ಮಾಡ್ತೀನಿ...”

“ಮುಟ್ಟಬೇಡ!” ಮಾಮ ಕೂಗಿದರು. ಅವರು ತಲೆಯನ್ನು ಭುಜಕ್ಕೆ ಒರಗಿಸಿ ಪರದೆಯನ್ನೇ ನೋಡುತ್ತಿದ್ದರು. ಮುಖದ ಮೇಲೆ ಎಷ್ಟೋ ದಿನಕ್ಕೆ ಒಂದು ಹೊಳಪು. “ಬಿಡು ಹೀಗೇ. ಹಳೇ ಮಶೀನು ನಂಗೆ ಅಭ್ಯಾಸ, ಹೊಸದು ಅದಿತಿಗೆ ಅಭ್ಯಾಸ. ಇದು ಯಾರಿಗೂ ಅಭ್ಯಾಸ ಇಲ್ಲ. ಹಾಕಿ ಟೋಕನ್!”

ರಾಜ್ಯೋತ್ಸವದ ಸ್ಪರ್ಧೆ ತಲೆಕೆಳಗಾಗಿಯೇ ನಡೆಯಿತು. ಬೆನ್ನು ಬಾಗಿಸಿ ಕಾಲುಗಳ ಸಂದಿಯಿಂದ ಪರದೆ ನೋಡುತ್ತ ಕೋಲು ಹಿಡಿಯಲು ಹೋದ ಅದಿತಿ ಮೊದಲ ಸಲ ಮುಗ್ಗರಿಸಿದಳು. ನೆಟ್ಟಗೆ ನಿಂತ ಮೇಲೆ ಎರಡು ಸಾವಿರದ ಮುನ್ನೂರ ನಲವತ್ತು ಹೊಡೆದಳು. ದೇವಕಿ, “ಬಾತ್ ಆರತ್ತೆ, ಬನ್ರೀ,” ಎಂದು ಕರೆಯಲು ಬಂದವರು ಒಂದು ಕೈ ನೋಡಿ ಒಂಬೈನೂರು ಗಳಿಸಿದರು. ದಕ್ಷಿಣಾಮೂರ್ತಿಯವರು ಸೊನ್ನೆ ಹೊಡೆದು, ಅದಕ್ಕೂ ಸಾಕ್ಷಿಯ ಸಹಿ ಪಡೆದರು.

ಕೊನೆಗೆ ಮಾಮ. ಟೋಕನ್ ಹಾಕಿದರು. ಸೊಂಟ ಮುಂದೆ ಹೋದದ್ದು ಅರ್ಧದಲ್ಲಿ ನಿಂತಿತು. ಕೋಲನ್ನು ಮೂರೇ ಬೆರಳಲ್ಲಿ, ಸಾಸಿವೆ ಕಾಳು ಹಿಡಿದಷ್ಟು ಮೆಲ್ಲಗೆ ಹಿಡಿದರು. ಪದ್ಮತ್ತೆ, “ಹಾಂ, ಹಾಂ, ಡಬ್ಬಕ್ಕೆ ಹಾಕಿದ ಹಾಗೇ,” ಎಂದು ಪಿಸುಗುಟ್ಟಿದರು. ವಿಮಾನ ಮೇಲಿನಿಂದ ತೂಗುತ್ತ, ಬಾವಲಿಯ ಹಾಗೆ ಆ ಕಡೆ ಈ ಕಡೆ ಜಾರಿತು. ಎರಡು ಸಾವಿರದ ಮುನ್ನೂರ ಹತ್ತಕ್ಕೆ ಸತ್ತಿತು.

“ಮೂವತ್ತು ಕಮ್ಮಿ! ಬರೀ ಮೂವತ್ತು!” ಸೋತ ಮನುಷ್ಯ ಕುಣಿದೇಬಿಟ್ಟರು. ಕೈಯನ್ನು ಎಲ್ಲರ ಮುಖಕ್ಕೂ ಹಿಡಿದು ತೋರಿಸಿದರು. “ನೋಡ್ರೋ, ಕೈ ಇದೆ! ಅದಿತೀ, ಶೀಲ್ಡ್ ತಗೊಂಡು ಹೋಗು, ಒಂದು ವರ್ಷ ನಿಮ್ಮಮ್ಮ ತಿಕ್ಕಲಿ. ಮುಂದಿನ ಭಾನುವಾರ ಹನ್ನೊಂದಕ್ಕೆ ಬರ್ತೀನಿ. ಪುಟ್ಟೀ, ಇನ್ನು ಬೀಗದ ಕೈ ನಿನ್ನ ಹತ್ರಾನೇ ಇರಲಿ.”

ಪದ್ಮತ್ತೆ ತಮ್ಮ ಭಾನುವಾರ ವಾಪಸ್ ಸಿಕ್ಕ ಸಂತೋಷಕ್ಕೆ ಧಾರಿಣಿಯ ಗಲ್ಲ ಹಿಂಡಿದರು.

ಧಾರಿಣಿ ರಿಜಿಸ್ಟರು ತೆರೆದಳು. ಇಪ್ಪತ್ತಾರು ವರ್ಷದ ಖಾಲಿ ಕಾಲಮ್ಮಿನಲ್ಲಿ ದುಂಡಗೆ ಬರೆದಳು: ‘ಪರದೆ ತಲೆಕೆಳಗು. ಎಣಿಸಿದ್ದು ತಪ್ಪು. ಎಣಿಸಿದವಳು ನಾನು.’ ಅಪ್ಪ ಬಗ್ಗಿ ಓದಿ, ಹಸಿರು ಪೆನ್ನು ತೆಗೆದು, ಕೆಳಗೆ ‘ನೋಡಿದೆ’ ಎಂದು ಸಹಿ ಹಾಕಿದರು.

“ದೀದೀ ಮಾತ್ರ ಆಡಿಲ್ಲ!” ಎಂದಳು ಅದಿತಿ, ಶೀಲ್ಡಿನ ಹಿಂದಿನಿಂದ.

ಧಾರಿಣಿ ರಿಜಿಸ್ಟರನ್ನು ಎದೆಗವಚಿಕೊಂಡಳು. ಮಾಮ ಬಂದು ಅದನ್ನೂ ಪೆನ್ನನ್ನೂ ಅವಳ ಕೈಯಿಂದ ಬಿಡಿಸಿ, ಅವಳ ಸ್ಟೂಲಿನ ಮೇಲೆ ಕೂತುಬಿಟ್ಟರು. “ಹೋಗು. ನಾನು ಬರೀತೀನಿ. ನನ್ನ ಅಕ್ಷರ ಅಷ್ಟು ಚೆನ್ನಾಗಿಲ್ಲ, ಅಡ್ಜಸ್ಟ್ ಮಾಡ್ಕೋ.”

ನಲವತ್ತು ಜನ ನೋಡುತ್ತಿದ್ದರು. ಧಾರಿಣಿ ಹೋಗಿ ನಿಂತಳು, ಟೋಕನ್ ಹಾಕಿದಳು. ಕನೆಕ್ಟರು ಬಿಗಿಯಾಗಿದೆಯೆಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅವಳು, ಮಶೀನಿನ ಬಲಪಕ್ಕೆಗೆ ಎರಡು ಸಲ ಸೊಂಟ ಕೊಟ್ಟಳು.